ಯಾವ ಪ್ರತಿ ಸ್ವಾಮಿ ಇದು?

"ಅಲ್ಲ ಸ್ವಾಮಿ, ಒಂದೇ ಸಿನಿಮಾನ ನಾಲ್ಕು ಸಲ ದುಡ್ಡು ಕೊಟ್ಟು ತಗೊಂಡಿದ್ದೀರಂತೆ, ನಿಜವಾ?" ಅಂತ ಕಾಂಪೌಂಡ್ ಗೋಡೆಯ ಆಚೆಯಿಂದ ಮೇಷ್ಟ್ರು ಕೇಳಿದರು.

"ನಿಜ ಮೇಷ್ಟ್ರೇ. ಆದರೆ ನಾಲ್ಕೂ ಬೇರೆ ಬೇರೆ."

"ಸಿನಿಮಾ ಒಂದೇ ತಾನೇ?"

"ಹೆಸರು ಒಂದೇ."

ದಾಸವಾಳಕ್ಕೆ ನೀರು ಬಿಡುತ್ತಿದ್ದವರು ಪೈಪನ್ನು ಪಾತಿಯಲ್ಲೇ ಬಿಟ್ಟು ಗೋಡೆಯ ಹತ್ತಿರ ಬಂದರು. ಮೈಸೂರಿನ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಈ ಗೋಡೆ ಎದೆಮಟ್ಟ. ಎರಡೂ ಕಡೆಯವರು ಮೊಣಕೈ ಊರಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹಳಗನ್ನಡ ಅಂದರೆ ಊಟ ಮರೆಯುತ್ತಾರೆ, ಸಿನಿಮಾ ಅಂದರೆ ಅಷ್ಟಕ್ಕಷ್ಟೇ. ಅವರಿಗೆ ಈ ವಿಷಯ ತಿಳಿಸಿ ಹೇಳಲೇಬೇಕು ಅಂತ ನನಗೆ ಹಟ ಬಂತು.

ಚಿತ್ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'. ಕೌಬಾಯ್ ಟೋಪಿ, ಕುದುರೆ, ಪಿಸ್ತೂಲು ಇದ್ದ ಮಾತ್ರಕ್ಕೆ ಅದು ಅಮೆರಿಕದ್ದಲ್ಲ. 1966ರ ಇಟಲಿಯ ಚಿತ್ರ. ತೆಗೆದವರು ಸೆರ್ಜಿಯೊ ಲಿಯೋನೆ, ತೆಗೆದದ್ದು ಬಹುಪಾಲು ಸ್ಪೇನಿನ ಬಯಲಿನಲ್ಲಿ, ಸಂಗೀತ ಎನ್ನಿಯೊ ಮೊರಿಕೋನೆ ಅವರದು. ಆ ಶಿಳ್ಳೆಯ ರಾಗವನ್ನು ಮೇಷ್ಟ್ರೂ ಕೇಳಿದ್ದರು. ಯಾವುದೋ ಹುಡುಗನ ಮೊಬೈಲಿನಲ್ಲಿ.

ಇಟಲಿಯಲ್ಲಿ ಅದು ಹತ್ತಿರ ಹತ್ತಿರ ಮೂರು ಗಂಟೆ ಓಡಿತು. ಹೊರದೇಶಕ್ಕೆ ಕಳಿಸುವಾಗ ಅಲ್ಲಲ್ಲಿ ಕತ್ತರಿಸಿ 161 ನಿಮಿಷಕ್ಕೆ ಇಳಿಸಿದರು. ಲೋಕವೆಲ್ಲ ನೋಡಿ ಮೆಚ್ಚಿದ್ದು ಆ 161 ನಿಮಿಷದ್ದನ್ನು. ನನ್ನ ಮೊದಲ ಡಿವಿಡಿ ಅದೇ. ಆಮೇಲೆ 2003ರಲ್ಲಿ, ಕತ್ತರಿಸಿದ ತುಂಡುಗಳನ್ನು ಮತ್ತೆ ಸೇರಿಸಿ ಇಂಗ್ಲಿಷಿನಲ್ಲಿ ಪೂರ್ತಿ ಚಿತ್ರ ಹೊರಡಿಸೋಣ ಅಂತ ಹೊರಟರು. ತೊಡಕು ಅಲ್ಲೇ. ಆ ತುಂಡುಗಳಿಗೆ ಇಂಗ್ಲಿಷ್ ಮಾತು ಧ್ವನಿಮುದ್ರಣವಾಗಿರಲೇ ಇಲ್ಲ. ಎಪ್ಪತ್ತರ ಹರೆಯದ ಕ್ಲಿಂಟ್ ಈಸ್ಟ್‌ವುಡ್, ಎಂಬತ್ತೈದು ದಾಟಿದ ಇಲೈ ವಾಲಾಕ್ ಸ್ಟುಡಿಯೊಗೆ ಬಂದು ತಮ್ಮ ಹಳೆಯ ಮುಖಗಳಿಗೆ ತಾವೇ ದನಿ ಕೊಟ್ಟರು. ಮೂರನೆಯವರು ಲೀ ವಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರು, ಅವರಿಗೆ ಬೇರೆಯವರ ಕಂಠ ಕೊಟ್ಟರು. ನನ್ನ ಎರಡನೆಯ ಡಿಸ್ಕು ಇದು. ನೋಡುತ್ತಾ ಕೂತರೆ, ಮುಖ ಅದೇ ಇರುತ್ತದೆ, ದೃಶ್ಯ ಬದಲಾದ ಕೂಡಲೇ ಗಂಟಲಿಗೆ ಮಾತ್ರ ಮೂವತ್ತೈದು ವರ್ಷ ವಯಸ್ಸಾಗಿರುತ್ತದೆ.

"ಮೂರನೆಯದು?" ಅಂದರು ಮೇಷ್ಟ್ರು.

ಮೂರನೆಯದು 2014ರಲ್ಲಿ ನೆಗೆಟಿವನ್ನು ಹೊಸದಾಗಿ ಸ್ಕ್ಯಾನ್ ಮಾಡಿ ತಂದ ಬ್ಲೂ-ರೇ. ಕೆಲಸ ಆದದ್ದು ಇಟಲಿಯ ಬೊಲೋನ್ಯ ಊರಿನ 'ಲಿಮ್ಮಾಜಿನೆ ರಿತ್ರೊವಾತಾ' ಅನ್ನುವ ಲ್ಯಾಬಿನಲ್ಲಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಕನ್ನಡದ್ದೇ ಮಾತು ಬಂದಾಗ ಮತ್ತೆ ಬರುತ್ತದೆ. ಚಿತ್ರದ ವಿವರ ಅದ್ಭುತವಾಗಿ ಬಂತು. ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಆದರೆ ಬಣ್ಣ! ಇಡೀ ಚಿತ್ರಕ್ಕೆ ಹಳದಿ ಛಾಯೆ. ಕೊನೆಯಲ್ಲಿ ಸ್ಮಶಾನದ ನಡುವಿನ ದುಂಡನೆಯ ಕಣದಲ್ಲಿ ಮೂವರೂ ಎದುರುಬದುರಾಗಿ ನಿಲ್ಲುತ್ತಾರಲ್ಲ, ಅಲ್ಲಿ ಹಳೆಯ ಡಿವಿಡಿಯಲ್ಲಿ ನೀಲಿಯಾಗಿದ್ದ ಆಕಾಶ ಇಲ್ಲಿ ಮಾಸಲು ಹಸಿರಿಗೆ ತಿರುಗಿದೆ, ಮೋಡ ಬೆಳ್ಳಗಿಲ್ಲ. ಡಿಸ್ಕ್ ಹೋಲಿಸಿ ನೋಡುವವರ ನಡುವೆ ಇದರ ಮೇಲೆ ದೊಡ್ಡ ಜಗಳವೇ ಆಯಿತು. ಲಿಯೋನೆ ಬಯಸಿದ್ದು ಇದೇ ಬಣ್ಣ ಅಂತ ಕೆಲವರು, ಹಾಗಾದರೆ ಹಳೆಯ ಪ್ರಿಂಟುಗಳಲ್ಲಿ ಯಾಕಿರಲಿಲ್ಲ ಅಂತ ಮಿಕ್ಕವರು. ಆಮೇಲೆ ಬಂದ ಡಿಸ್ಕುಗಳಲ್ಲಿ ಹಳದಿ ಇಳಿಸಿದರು, 161 ನಿಮಿಷದ ಪಾಠಕ್ಕೆ ಮರಳಿದರು. ನಾಲ್ಕನೆಯದು ಅದು.

ಸದ್ದಿನದೂ ಒಂದು ಕಥೆ ಇದೆ. ಮೂಲದಲ್ಲಿ ಧ್ವನಿ ಒಂದೇ ಕಡೆಯಿಂದ ಬರುವ ಮೋನೊ. ಡಿವಿಡಿ ಕಾಲದಲ್ಲಿ ಸುತ್ತ ಆರು ಸ್ಪೀಕರಿಗೆ ಹಂಚುವುದಕ್ಕೆ ಹೋಗಿ ಬಂದೂಕಿನ ಸದ್ದುಗಳನ್ನೇ ಹೊಸದಾಗಿ ಹಾಕಿಬಿಟ್ಟರು. ಲಿಯೋನೆ ಚಿತ್ರದಲ್ಲಿ ಗುಂಡಿನ ಸದ್ದು ಅಂದರೆ ಮೊರಿಕೋನೆ ವಾದ್ಯಮೇಳದಲ್ಲಿ ಒಂದು ವಾದ್ಯ ಇದ್ದ ಹಾಗೆ. ಅದನ್ನು ಬದಲಾಯಿಸಿದರೆ ಸಂಗೀತವನ್ನೇ ತಿದ್ದಿದಂತೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಹೇಳಿ ನಾನು ಉಸಿರು ತೆಗೆದುಕೊಂಡೆ. ಮೇಷ್ಟ್ರು ಸುಮ್ಮನಿದ್ದರು. ಪಾತಿ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಹೋಗಿ ನಲ್ಲಿ ನಿಲ್ಲಿಸಿ ಬಂದರು.

"ಇದು ಪಾಠಾಂತರ ಕಣ್ರೀ," ಅಂದರು. "ಇಷ್ಟು ದಿನ ನೀವು ಮಾಡ್ತಾ ಇರೋದು ಗ್ರಂಥಸಂಪಾದನೆ. ನನಗೆ ಮೊದಲೇ ಹೇಳಬಾರದಿತ್ತೇ?"

ಅಲ್ಲಿಂದ ಮುಂದೆ ಮಾತು ಅವರ ಕೈಗೆ ಹೋಯಿತು. ಮೈಸೂರು ಈ ಕೆಲಸದ ಊರು. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗರಿಗಳ ರಾಶಿ, ಅಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಕಟ್ಟನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕನ್ನಡ ಕಾವ್ಯಗಳನ್ನು ಸಂಪಾದಿಸುವ ವಿಧಾನದ ಮೇಲೆ ಪುಸ್ತಕ ಬರೆದ ಡಿ.ಎಲ್. ನರಸಿಂಹಾಚಾರ್ಯರು ಪಾಠ ಹೇಳಿದ್ದು ಇದೇ ಊರಿನಲ್ಲಿ. ಮೇಷ್ಟ್ರ ಮೇಷ್ಟ್ರುಗಳು ಡಿ.ಎಲ್.ಎನ್. ಶಿಷ್ಯರು. ಹಾಗಾಗಿ ಹೊಸ ಪ್ರತಿ ಕೈಗೆ ಬಂದರೆ ಮೊದಲು ಕೇಳುವ ಪ್ರಶ್ನೆ ಅವರಿಗೆ ಬಾಯಿಪಾಠ: ಇದು ಎಲ್ಲಿ ಸಿಕ್ಕಿತು, ಯಾವುದನ್ನು ನೋಡಿ ಬರೆದದ್ದು, ಯಾರು ಬರೆದರು, ಎಲ್ಲಿ ಗರಿ ಮುರಿದಿದೆ, ಎಲ್ಲಿ ಲಿಪಿಕಾರ ತನ್ನದನ್ನು ಸೇರಿಸಿದ್ದಾನೆ.

"ನಿಮ್ಮ ಎರಡನೇ ಡಿಸ್ಕ್‌ನಲ್ಲಿ ದನಿ ಸೇರಿಸಿದರಲ್ಲ, ಅದು ಗ್ರಂಥಪಾತ ತುಂಬಿಸೋ ಕೆಲಸ. ತಪ್ಪೇನಿಲ್ಲ. ಆದರೆ ಇಂಥ ಕಡೆ ಗರಿ ಹೋಗಿತ್ತು, ಇದು ನಾವು ಸೇರಿಸಿದ್ದು ಅಂತ ಕೆಳಗೆ ಟಿಪ್ಪಣಿ ಹಾಕಬೇಕು. ಹಾಕಿದ್ದಾರಾ?"

ಡಬ್ಬಿಯ ಹಿಂದೆ ಸೇರಿಸಿದ್ದೇವೆ ಅಂತ ಇದೆ. ಎಲ್ಲೆಲ್ಲಿ ಅಂತ ಚಿತ್ರ ಓಡುವಾಗ ತಿಳಿಯುವ ಹಾಗಿಲ್ಲ. ಮೇಷ್ಟ್ರಿಗೆ ಅದು ಸಾಲದು.

ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಹತ್ತು ಓಲೆಪ್ರತಿ ಸಿಕ್ಕಿದವು ಅಂತ ಹಿಗ್ಗಬಾರದು. ಹತ್ತೂ ಒಂದೇ ಪ್ರತಿಯಿಂದ ನಕಲಾಗಿದ್ದರೆ ಅವು ಹತ್ತಲ್ಲ, ಒಂದೇ. ಇದು ನಮ್ಮ ಕನ್ನಡ ಚಿತ್ರಗಳ ಪಾಡಿಗೆ ಅಕ್ಷರಶಃ ಹೊಂದುತ್ತದೆ. ಯಾವುದೋ ಕಾಲದಲ್ಲಿ ಟಿವಿಗಾಗಿ ಸವೆದ ಪ್ರಿಂಟಿನಿಂದ ಒಂದು ಟೇಪು ಇಳಿಸಿರುತ್ತಾರೆ. ಅದರಿಂದ ವಿಸಿಡಿ, ಆ ವಿಸಿಡಿಯಿಂದ ಡಿವಿಡಿ, ಡಿವಿಡಿಯಿಂದ ಯೂಟ್ಯೂಬು. ಮೊಬೈಲಿನಲ್ಲಿ ಹುಡುಕಿದರೆ ಒಂದೇ ಚಿತ್ರದ ಏಳೆಂಟು ಪ್ರತಿ ಬರುತ್ತವೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಗೀರು, ಅದೇ ಜಾಗದಲ್ಲಿ ಹಾಡಿನ ಚರಣ ಹಾರಿಹೋಗಿರುತ್ತದೆ.

ಈಗ ನನ್ನ ಕಪಾಟಿನ ಕನ್ನಡ ಭಾಗಕ್ಕೆ ಬರುತ್ತೇನೆ. ವಿಸಿಪಿ ಬಾಡಿಗೆಗೆ ತಂದು ಬೀದಿಯವರೆಲ್ಲ ಒಂದೇ ಹಾಲಿನಲ್ಲಿ ಕೂತು ರಾತ್ರಿಯೆಲ್ಲ ಸಿನಿಮಾ ನೋಡಿದ ಕಾಲದಿಂದ ನಾನು ಇದನ್ನು ಕೂಡಿಡುತ್ತಾ ಬಂದಿದ್ದೇನೆ. ಟೇಪು ಹೋಗಿ ವಿಸಿಡಿ ಬಂತು. ಒಂದು ಸಿಡಿಯಲ್ಲಿ ಎಪ್ಪತ್ತು ಎಂಬತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಹಾಗಾಗಿ ಒಂದು ಚಿತ್ರಕ್ಕೆ ಎರಡು ಮೂರು ಸಿಡಿ. ಚಿತ್ರ ಮೂಡುವುದು ಸುಮಾರು ಒಂದು ಲಕ್ಷ ಚುಕ್ಕಿಗಳಿಂದ. ಡಿವಿಡಿಯಲ್ಲಿ ಅದು ನಾಲ್ಕು ಲಕ್ಷ ಆಯಿತು, ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ, ಈಗಿನ 4ಕೆ ಡಿಸ್ಕಿನಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ. ನಮ್ಮ ಹಳೆಯ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಮೊದಲಿನ ಎರಡು ಮೆಟ್ಟಿಲಿನಲ್ಲೇ ನಿಂತಿವೆ. ಮೂಲೆಯಲ್ಲಿ ಕಂಪನಿಯ ಮುದ್ರೆ, ಕೆಳಗೆ ಓಡುವ ಫೋನ್ ನಂಬರು, ನಡುವೆ ಕತ್ತರಿಸಿದ ಹೆಸರುಪಟ್ಟಿ. ಛಾಯಾಗ್ರಾಹಕರ ಹೆಸರು ಬರುವಷ್ಟರಲ್ಲಿ ಚಿತ್ರ ಶುರುವಾಗಿಬಿಟ್ಟಿರುತ್ತದೆ. ಇದು ನನಗೆ ಅತ್ಯಂತ ಸಿಟ್ಟು ತರಿಸುವ ಸಂಗತಿ.

'ನಾಗರಹಾವು' ಡಿಸ್ಕನ್ನು ಮೇಷ್ಟ್ರ ಮನೆಯಲ್ಲೇ ಹಾಕಿ ತೋರಿಸಿದೆ. ಮೇಷ್ಟ್ರು ಸಿನಿಮಾ ನೋಡದಿದ್ದರೂ ಚಾಮಯ್ಯ ಮೇಷ್ಟ್ರನ್ನು ಬಲ್ಲರು. ಆ ಪಾತ್ರ ಮಾಡಿದ ಅಶ್ವತ್ಥ್ ಮೈಸೂರಿನವರು, ರಾಮಾಚಾರಿಯಾಗಿ ಬಂದ ವಿಷ್ಣುವರ್ಧನ್ ಹುಟ್ಟಿದ್ದೂ ಮೈಸೂರಿನಲ್ಲೇ. ಹಾಡು ಶುರುವಾಯಿತು, ಪಿ.ಬಿ. ಶ್ರೀನಿವಾಸ್ ದನಿ, ನಿಧಾನ ಚಲನೆಯಲ್ಲಿ ಚಿತ್ರಿಸಿದ ಆ ಹಾಡು. ಒಳಗಿನಿಂದ ಮೇಷ್ಟ್ರ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಅವರು ವೀಣೆ ನುಡಿಸುವವರು, ಬೀದಿಯ ಮಕ್ಕಳಿಗೆಲ್ಲ ಪಾಠ ಹೇಳಿದವರು.

"ಇದು ಶ್ರುತಿ ಏರಿದೆಯಲ್ಲಪ್ಪ," ಅಂದರು.

"ಎಲ್ಲಮ್ಮ?"

"ನಮ್ಮಲ್ಲಿ ರೆಕಾರ್ಡ್ ಇದೆ. ಅದರಲ್ಲಿ ಇದಕ್ಕಿಂತ ಕೆಳಗಿದೆ. ಹತ್ತಿರ ಹತ್ತಿರ ಅರ್ಧ ಮನೆ ವ್ಯತ್ಯಾಸ."

ಅಮ್ಮ ಹೇಳಿದ್ದು ಸರಿಯಾಗೇ ಇತ್ತು, ಅದಕ್ಕೆ ಕಾರಣವೂ ಇದೆ. ಸಿನಿಮಾ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್, ಅದಕ್ಕೆ ಸೆಕೆಂಡಿಗೆ 25 ಬೇಕು. ಸುಲಭದ ದಾರಿಯೆಂದು ಚಿತ್ರವನ್ನೇ 25ರಲ್ಲಿ ಓಡಿಸಿ ಇಳಿಸಿಕೊಂಡುಬಿಡುತ್ತಿದ್ದರು. ನೂರಕ್ಕೆ ನಾಲ್ಕರಷ್ಟು ಬೇಗ ಓಡಿದರೆ ಕಣ್ಣಿಗೆ ತಿಳಿಯುವುದಿಲ್ಲ. ಆದರೆ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯೂ ಅದೇ ಲೆಕ್ಕದಲ್ಲಿ ಮೇಲಕ್ಕೆ ಹೋಗುತ್ತದೆ. ಇಟಲಿಯೂ ಪಾಲ್ ಪದ್ಧತಿಯ ದೇಶ. ಅಲ್ಲಿಯ ಹಳೆಯ ಡಿವಿಡಿಗಳಿಗೂ ಇದೇ ರೋಗ. ಡಬ್ಬಿಯ ಮೇಲೆ ನಿಮಿಷ ಕಡಿಮೆ ಬರೆದಿದ್ದರೆ ಚಿತ್ರ ಕತ್ತರಿಸಿದ್ದಾರೋ, ಬರೀ ಬೇಗ ಓಡಿಸಿದ್ದಾರೋ ಅಂತ ಮೊದಲು ಲೆಕ್ಕ ಹಾಕಬೇಕು. ಬ್ಲೂ-ರೇಯಲ್ಲಿ 24ರಲ್ಲೇ ಓಡಿಸುವ ಅನುಕೂಲ ಬಂದ ಮೇಲೆ ಪಿ.ಬಿ.ಎಸ್. ಅವರಂಥ ಗಾಯಕರ ದನಿ ತನ್ನ ಶ್ರುತಿಗೆ ಮರಳಬಹುದಾಯಿತು. ಆ ಮಂದ್ರದ ಮಾಧುರ್ಯಕ್ಕೇ ಹೆಸರಾದ ಕಂಠವನ್ನು ಅರ್ಧ ಮನೆ ಮೇಲೇರಿಸಿ ಇಡೀ ಒಂದು ತಲೆಮಾರಿಗೆ ಕೇಳಿಸಿದ್ದೇವೆ.

'ನಾಗರಹಾವು' ಬಗ್ಗೆ ಇನ್ನೂ ಇದೆ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಸೇರಿಸಿ ತೆಗೆದ ಈ ಚಿತ್ರ 1972ರದು. 2018ರಲ್ಲಿ, ಮೂಲ ನಿರ್ಮಾಪಕರಾದ ವೀರಾಸ್ವಾಮಿಯವರ ಮಗ ಬಾಲಾಜಿ ಅದನ್ನು ಡಿಜಿಟಲ್‌ಗೆ ತಂದು ಸಿನಿಮಾಸ್ಕೋಪ್ ಅಳತೆಗೆ ಬದಲಾಯಿಸಿ, 7.1 ಧ್ವನಿ ಕೊಟ್ಟು ಮತ್ತೆ ಥಿಯೇಟರಿಗೆ ತಂದರು. ಹುಡುಗರು ಶಿಳ್ಳೆ ಹಾಕಿ ನೋಡಿದರು. ವಿಷ್ಣು ಹೋಗಿ ಎಂಟು ವರ್ಷ ದಾಟಿದ ಮೇಲೆ ಅವರ ಮೊದಲ ನಾಯಕ ಪಾತ್ರವನ್ನು ದೊಡ್ಡ ಪರದೆಯಲ್ಲಿ ನೋಡುವ ಭಾಗ್ಯ ಹೊಸಬರಿಗೆ ಸಿಕ್ಕಿತು. ಆ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ.

ಆದರೂ ಮನಸ್ಸಿನಲ್ಲಿ ಇದ್ದದ್ದನ್ನು ಮೇಷ್ಟ್ರಿಗೆ ಹೇಳಿದೆ. ಕನ್ನಡದಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಬಂದದ್ದು 1977ರಲ್ಲಿ. ಅಂದ ಮೇಲೆ 1972ರ ಚಿತ್ರವನ್ನು ಪುಟ್ಟಣ್ಣ ಹೆಚ್ಚು ಕಡಿಮೆ ಚೌಕದ ಚೌಕಟ್ಟಿಗೇ ಹೊಂದಿಸಿದ್ದರು. ಅಗಲ 1.37 ಇದ್ದರೆ ಎತ್ತರ 1. ಸ್ಕೋಪ್‌ನಲ್ಲಿ ಅಗಲ 2.35. ಚೌಕವನ್ನು ಅಷ್ಟು ಅಗಲಕ್ಕೆ ತುಂಬಿಸಬೇಕಾದರೆ ಮೇಲೆ ಕೆಳಗೆ ಕತ್ತರಿಸಬೇಕು, ಇಲ್ಲ ಅಡ್ಡಕ್ಕೆ ಎಳೆಯಬೇಕು. ಪೂರ್ತಿ ಕತ್ತರಿಸಿ ಹೊಂದಿಸುವುದಾದರೆ ನೂರಕ್ಕೆ ನಲವತ್ತು ಭಾಗ ಚಿತ್ರ ಹೋಗುತ್ತದೆ. ಅದೂ ಎಂಥ ಚಿತ್ರ? ಚಿತ್ರದುರ್ಗದ ಕೋಟೆ, ಒಂದರ ಮೇಲೊಂದು ನಿಂತ ಹೆಬ್ಬಂಡೆಗಳು, ಅವುಗಳ ತುದಿಯಲ್ಲಿ ನಿಂತ ಮನುಷ್ಯ. ಎತ್ತರವೇ ಅದರ ಜೀವ. ಛಾಯಾಗ್ರಾಹಕ ಚಿಟ್ಟಿಬಾಬು ಆಕಾಶಕ್ಕೆ ಎಷ್ಟು ಜಾಗ ಬಿಡಬೇಕು ಅಂತ ಯೋಚಿಸಿಯೇ ಬಿಟ್ಟಿದ್ದಾರೆ.

"ಕಂದಪದ್ಯಾನ ಹಿಡಿದು ವೃತ್ತಕ್ಕೆ ಹೊಂದಿಸ್ತೀನಿ ಅಂದ ಹಾಗಾಯ್ತು," ಅಂದರು ಮೇಷ್ಟ್ರು.

ಬಣ್ಣ ಹಚ್ಚಿದವುಗಳ ಮಾತು ಬಂದಾಗ ಅವರು ಇನ್ನೂ ಖಡಕ್ಕಾದರು. ಹುಣಸೂರು ಕೃಷ್ಣಮೂರ್ತಿಯವರ 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಣ್ಣ ಬಂತು. ದೊರೈ-ಭಗವಾನ್ ಜೋಡಿಯ 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ. ಎರಡೂ ರಾಜ್‌ಕುಮಾರ್ ಚಿತ್ರಗಳು, ಎರಡಕ್ಕೂ ಜನ ಮುಗಿಬಿದ್ದರು. ಮೇಷ್ಟ್ರ ತೀರ್ಪು ಒಂದೇ ಪದದ್ದು: "ಪ್ರಕ್ಷಿಪ್ತ." ನಾನು ಅಷ್ಟು ಕಠಿಣನಾಗಲಾರೆ. ಬಣ್ಣದಿಂದಾಗಿ ಒಂದು ಹೊಸ ಸ್ಕ್ಯಾನ್ ಆಯಿತು, ಚಿತ್ರ ಮತ್ತೆ ಬದುಕಿತು. ನನ್ನ ಬೇಡಿಕೆ ಇಷ್ಟೇ: ಬಣ್ಣದ್ದರ ಜೊತೆಗೆ, ಅದೇ ಹೊಸ ಸ್ಕ್ಯಾನಿನ ಕಪ್ಪು ಬಿಳುಪನ್ನೂ ಒಂದು ಡಿಸ್ಕಿನಲ್ಲಿ ಹಾಕಿ ಕೊಡಿ. 'ಕಸ್ತೂರಿ ನಿವಾಸ'ದ ಕೊನೆಯ ಭಾಗದಲ್ಲಿ, ಎಲ್ಲವನ್ನೂ ಕಳೆದುಕೊಂಡ ರಾಜಣ್ಣನ ಮುಖದ ಮೇಲೆ ನೆರಳು ಕೂರುವ ಬಗೆಯನ್ನು ಕಪ್ಪು ಬಿಳುಪಿಗೆಂದೇ ಬೆಳಕು ಕೊಟ್ಟು ತೆಗೆದದ್ದು. ಅಲ್ಲಿ ಕೆನ್ನೆಗೆ ಗೋಧಿ ಬಣ್ಣ ಬಂದರೆ ಆ ನೆರಳು ತೆಳುವಾಗುತ್ತದೆ.

"ಹಾಗಾದರೆ ಕವಿಯೇ ತಿದ್ದಿದರೆ?" ಅಂತ ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉದಾಹರಣೆಯೂ ಇಟಲಿಯದೇ ಇದೆ. ಜುಸೆಪ್ಪೆ ತೊರ್ನತೋರೆ ಅವರ 'ಸಿನಿಮಾ ಪ್ಯಾರಡಿಸೊ' 1988ರಲ್ಲಿ ಬಂದಾಗ 155 ನಿಮಿಷ. ಓಡಲಿಲ್ಲ. 124ಕ್ಕೆ ಇಳಿಸಿದರು, ಅದಕ್ಕೆ ಆಸ್ಕರ್ ಬಂತು, ಲೋಕಪ್ರಸಿದ್ಧವಾಯಿತು. 2002ರಲ್ಲಿ ನಿರ್ದೇಶಕರ ಪ್ರತಿ ಅಂತ 173 ನಿಮಿಷದ್ದು ಹೊರಬಂತು. ಅದರಲ್ಲಿ ನಾಯಕನ ಹಳೆಯ ಪ್ರೇಯಸಿ ನಡುವಯಸ್ಸಿನಲ್ಲಿ ಮತ್ತೆ ಸಿಗುತ್ತಾಳೆ. ಅವರು ದೂರವಾದದ್ದು ಯಾಕೆ ಅನ್ನುವುದು ಬಯಲಾಗಿ, ನಾವು ಪ್ರೀತಿಸಿದ ಮುದುಕ ಆಲ್ಫ್ರೆಡೊ ಮೇಲಿನ ನಮ್ಮ ನೋಟವೇ ಬದಲಾಗುತ್ತದೆ. ನನಗೆ 124 ನಿಮಿಷದ್ದೇ ಹೆಚ್ಚು ಇಷ್ಟ. ಆದರೆ ಒಳ್ಳೆಯ ಪ್ರಕಾಶಕರು ಒಂದೇ ಡಬ್ಬಿಯಲ್ಲಿ ಎರಡನ್ನೂ ಇಟ್ಟು ಕೊಡುತ್ತಾರೆ. ಆರಿಸುವ ಕೆಲಸ ನೋಡುವವನಿಗೆ ಬಿಟ್ಟದ್ದು. ಮೇಷ್ಟ್ರು ತಲೆಯಾಡಿಸಿದರು.

ಇನ್ನು ಬೊಲೋನ್ಯದ ಮಾತು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 2024ರಲ್ಲಿ ಜೀರ್ಣೋದ್ಧಾರವಾದದ್ದು ಅಲ್ಲೇ, ಆ 'ಲಿಮ್ಮಾಜಿನೆ ರಿತ್ರೊವಾತಾ' ಲ್ಯಾಬಿನಲ್ಲಿ. ಮಾರ್ಟಿನ್ ಸ್ಕೊರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಶಿವೇಂದ್ರ ಸಿಂಗ್ ಡೂಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿಸಿದ ಕೆಲಸ. ಅದೇ ವರ್ಷ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಮಲೆನಾಡಿನ ಒಂದು ಅಗ್ರಹಾರದ ಕಥೆ ಇಟಲಿಯಲ್ಲಿ ತೊಳೆದು ಇಟಲಿಯಲ್ಲೇ ಮೊದಲು ಬೆಳಗಿತು.

ನನಗೆ ಈ ಚಿತ್ರ ನಮ್ಮ ಊರಿನದೂ ಹೌದು. ಕಥೆ ಅನಂತಮೂರ್ತಿಯವರದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಸಂಗೀತ ಬಿ.ವಿ. ಕಾರಂತರದು, ಮುಂದೆ ನಮ್ಮ ರಂಗಾಯಣವನ್ನು ಕಟ್ಟಿದವರು. 1977ರಲ್ಲಿ ಇನ್ನೂ ಮೂವತ್ತು ತುಂಬದ ಕಾಸರವಳ್ಳಿಯವರ ಮೊದಲ ಚಿತ್ರ. ಸ್ವರ್ಣಕಮಲ ಬಂತು, ಕಾರಂತರ ಸಂಗೀತಕ್ಕೂ ನಾಣಿಯ ಪಾತ್ರ ಮಾಡಿದ ಹುಡುಗ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ಬಂತು.

ನನ್ನ ಹತ್ತಿರ ಇರುವುದು ಟಿವಿಯಲ್ಲಿ ಬಂದಾಗ ಟೇಪಿಗೆ ಇಳಿಸಿಕೊಂಡದ್ದು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಚಿತ್ರಗಳು ಬರುತ್ತಿದ್ದ ಕಾಲದ್ದು. ಅದರಲ್ಲಿ ಒಂದು ಕಡೆ ತೋರಿಸಿದೆ ಮೇಷ್ಟ್ರಿಗೆ. ರಾತ್ರಿಯ ದೃಶ್ಯ. ಚಿತ್ರದ ನಾಯಕಿ ಯಮುನಕ್ಕನ ಕಥೆ ಕತ್ತಲಲ್ಲಿ ಹುಡುಗ ನಾಣಿಯ ಕಣ್ಣೆದುರು ಬಿಚ್ಚಿಕೊಳ್ಳುವ ಭಾಗ. ಟೇಪಿನಲ್ಲಿ ಏನೂ ಕಾಣುವುದಿಲ್ಲ. ಒಂದು ಬಿಳಿ ಮಚ್ಚೆ ಅಲ್ಲಾಡುತ್ತದೆ, ಅದು ಬೆಂಕಿಯೋ ಬಟ್ಟೆಯೋ ತಿಳಿಯದು. ಮಿಕ್ಕದ್ದೆಲ್ಲ ಕಪ್ಪು. ಛಾಯಾಗ್ರಾಹಕ ಎಸ್. ರಾಮಚಂದ್ರ ಆ ಕಪ್ಪಿನೊಳಗೆ ಎಷ್ಟೋ ಬಗೆಯ ಬೂದು ಇಟ್ಟಿದ್ದರು. ಮರದ ಬೊಡ್ಡೆ, ಎಲೆ, ಹೆದರಿದ ಮಗುವಿನ ಕೆನ್ನೆ, ಒಂದೊಂದಕ್ಕೂ ಒಂದೊಂದು ಬೂದು. ನೆಗೆಟಿವಿನಲ್ಲಿ ಅದು ಉಳಿದಿರುತ್ತದೆ; ಪ್ರಿಂಟಿಗೆ ಬರುವಾಗ ಸ್ವಲ್ಪ ಹೋಗುತ್ತದೆ, ಟೇಪಿಗೆ ಬರುವಾಗ ಪೂರ್ತಿ ಹೋಗುತ್ತದೆ. ಆ ಹುಡುಗನಿಗೆ ಏನು ಕಂಡಿತು, ಏನು ಕಾಣಲಿಲ್ಲ ಅನ್ನುವುದೇ ಈ ಕಥೆಯ ಜೀವಾಳ. ನೋಡುವವರಿಗೆ ಏನೂ ಕಾಣದೆ ಹೋದರೆ ಕಥೆಯೇ ಬೇರೆಯಾಗುತ್ತದೆ. ವರ್ಷಾನುಗಟ್ಟಲೆ ನಾವು ನೋಡಿದ್ದು ಆ ಬೇರೆ ಕಥೆಯನ್ನು.

ಒಂದೂ ಮುಕ್ಕಾಲು ಗಂಟೆಯ ಯಾವುದೇ ಚಿತ್ರದಲ್ಲಿ ಒಂದೂವರೆ ಲಕ್ಷ ಚೌಕಟ್ಟುಗಳಿರುತ್ತವೆ. ಒಂದೊಂದನ್ನೂ ಸ್ಕ್ಯಾನ್ ಮಾಡಬೇಕು. ಹರಿದ ರಂಧ್ರಗಳನ್ನು ಅದಕ್ಕೆ ಮೊದಲೇ ಕೈಯಲ್ಲಿ ತೇಪೆ ಹಾಕಿ ಸರಿಪಡಿಸಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಧೂಳು, ಗೀರು, ನಡುಕ ತೆಗೆಯಬೇಕು. ಇಲ್ಲೇ ಎಚ್ಚರ ಬೇಕಾದದ್ದು. ಫಿಲ್ಮಿನ ಮೇಲೆ ಗ್ರೇನ್ ಅಂತ ಇರುತ್ತದೆ, ಸಣ್ಣ ಸಣ್ಣ ಕಣ. ಚಿತ್ರ ಮೂಡಿರುವುದೇ ಆ ಕಣಗಳಿಂದ. ಅದನ್ನೂ ಕೊಳೆಯೆಂದು ತಿಳಿದು ಒರೆಸಿದರೆ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ಲಿಯೋನೆ ಚಿತ್ರದ ಕೆಲವು ಡಿಸ್ಕುಗಳಲ್ಲಿ ಆದದ್ದೂ ಇದೇ. ಅದನ್ನು ತೆಗೆದದ್ದು ಟೆಕ್ನಿಸ್ಕೋಪ್‌ನಲ್ಲಿ, ಅಂದರೆ ಫಿಲ್ಮ್ ಉಳಿಸಲು ಒಂದು ಚೌಕಟ್ಟಿಗೆ ನಾಲ್ಕು ರಂಧ್ರದ ಬದಲು ಎರಡೇ ರಂಧ್ರದ ಎತ್ತರ ಬಳಸುವ ಪದ್ಧತಿಯಲ್ಲಿ. ಅದರಿಂದ ಗ್ರೇನ್ ದಪ್ಪಗಾಗಿ ಕಾಣುತ್ತದೆ. ಅದು ಆ ಚಿತ್ರದ ಮೈಬಣ್ಣ, ಒರೆಸಬಾರದು.

"ರಾಮಚಂದ್ರ ಇದ್ದಾರಾ ಈಗ?" ಅಂದರು ಅಮ್ಮ.

ಇಲ್ಲ. 2011ರಲ್ಲಿ ಹೋದರು. ಚಿತ್ರದ ನಿರ್ಮಾಪಕ ಸದಾನಂದ ಸುವರ್ಣರು 2024ರ ಜುಲೈನಲ್ಲಿ, ವೆನಿಸ್ ಪ್ರದರ್ಶನಕ್ಕೆ ಸ್ವಲ್ಪವೇ ಮೊದಲು ತೀರಿಕೊಂಡರು. ಬೂದು ಎಷ್ಟಿತ್ತು ಅಂತ ಪಕ್ಕದಲ್ಲಿ ಕೂತು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 'ಘಟಶ್ರಾದ್ಧ'ದ ಪುಣ್ಯ, ನಿರ್ದೇಶಕರು ನಮ್ಮ ನಡುವೆ ಇದ್ದು ಕೆಲಸದಲ್ಲಿ ಜೊತೆಯಾದರು. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ಕ್ಕೆ ಆ ಅವಕಾಶವೇ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಸಾವಿರ ವರ್ಷದ ಹಿಂದಿನ ಪಂಪನ ಪಾಠವನ್ನು ಗರಿ ಗರಿ ಹೋಲಿಸಿ ಅಚ್ಚು ಹಾಕಿದ ಭಾಷೆ ನಮ್ಮದು. ಅಂಥದ್ದರಲ್ಲಿ ತೊಂಬತ್ತು ವರ್ಷದ ಹಿಂದಿನ ಸಿನಿಮಾ ನಮ್ಮ ಕೈಯಲ್ಲಿಲ್ಲ. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಹೊಟ್ಟೆ ಉರಿಯುತ್ತದೆ.

ಮೇಷ್ಟ್ರು ಒಳಗೆ ಹೋಗಿ ಹಳೆಯ ಪರೀಕ್ಷಾ ಕಾಗದದ ಕಟ್ಟು, ಪೆನ್ನು ತಂದರು. ಡಿಸ್ಕಿನ ಡಬ್ಬಿಯಲ್ಲಿ ಹಿಡಿಸುವಷ್ಟು ಅಳತೆಗೆ ಹರಿದರು.

"ಕಂಪನಿಯೋರು ಬರೀದಿದ್ರೆ ಬೇಡ. ನಿಮ್ಮ ಮನೆ ಕಪಾಟಿಗಾದರೂ ಪೀಠಿಕೆ ಬರಿಯೋಣ. ಹೇಳ್ತಾ ಹೋಗಿ."

ಹೇಳಿದೆ. ಅವರು ಗುಂಡಗಿನ ಅಕ್ಷರದಲ್ಲಿ ಬರೆದರು. ನಾಗರಹಾವು, 1972. ಆಕರ: ತಿಳಿಸಿಲ್ಲ, ಹಳೆಯ ಟೇಪಿನಿಂದ ಇಳಿಸಿದಂತೆ ಕಾಣುತ್ತದೆ. ಚೌಕಟ್ಟು: ಎಡಬಲ ಸ್ವಲ್ಪ ಕತ್ತರಿಸಿದೆ. ಹೆಸರುಪಟ್ಟಿ: ಅಪೂರ್ಣ. ಧ್ವನಿ: ಮೋನೊ.

"ಶ್ರುತಿ ಏರಿದೆ ಅಂತ ಹಾಕಿ," ಅಂದರು ಅಮ್ಮ. ಹಾಕಿದರು.

ಎರಡನೆಯ ಚೀಟಿ 'ಘಟಶ್ರಾದ್ಧ'ದ ಟೇಪಿಗೆ. ಅದರಲ್ಲಿ ಮೇಷ್ಟ್ರು ತಾವಾಗಿಯೇ ಒಂದು ಸಾಲು ಸೇರಿಸಿದರು: ರಾತ್ರಿಯ ದೃಶ್ಯಗಳಲ್ಲಿ ಪಾಠ ಅಸ್ಪಷ್ಟ, ಬೊಲೋನ್ಯ ಪ್ರತಿಯೊಂದಿಗೆ ಹೋಲಿಸಬೇಕು. ಆ ಜೀರ್ಣೋದ್ಧಾರದ ಪ್ರತಿ ಕನ್ನಡದಲ್ಲೇ ಬರೆದ ಒಳ್ಳೆಯ ಟಿಪ್ಪಣಿಯೊಂದಿಗೆ ನಮ್ಮ ಮನೆಮನೆಯ ಕಪಾಟಿಗೂ ಬರಬೇಕು. ಕಾಸರವಳ್ಳಿಯವರ ಬಾಯಲ್ಲೇ ಆ ಬೂದಿನ ಕಥೆ ಕೇಳಬೇಕು.

ಮೂರನೆಯ ಚೀಟಿಗೆ ಕಾಗದ ಹರಿಯುತ್ತಾ ಮೇಷ್ಟ್ರು ಕೇಳಿದರು: "ಪುಟ್ಟಣ್ಣಂದು ಶರಪಂಜರ ಇದೆಯಾ ನಿಮ್ಮಲ್ಲಿ?"

"ಇದೆ ಮೇಷ್ಟ್ರೇ. ವಿಸಿಡಿ ಒಂದು, ಡಿವಿಡಿ ಒಂದು."

"ಎರಡೂ ತನ್ನಿ."